ಕೆಂಪು ಚೌಕಟ್ಟಿನ ಕೈ

ಕೂಕಾ ಆತೋಲೆಯ ಲೋಟ ಚಾಚಿ ನಿಂತಿದ್ದಳು. ಒಬ್ದೂಲಿಯಾಳ ಕೈ ಮೇಲೇಳಲಿಲ್ಲ.

ಬೇಡ ಅನ್ನಿಸಿದ್ದಲ್ಲ. ಮುಸುಕಿನ ಜೋಳದ ಹಿಟ್ಟಿಗೆ ಬೆಲ್ಲ, ದಾಲ್ಚಿನ್ನಿ ಹಾಕಿ ಕುದಿಸಿದ ಗಂಜಿಯ ಹಬೆ ಮೂಗಿಗೆ ಬಡಿದು ಬಾಯಲ್ಲಿ ನೀರೂರಿತ್ತು. ಆದರೂ ತೊಡೆಯ ಮೇಲಿದ್ದ ಕೈ ಮೊಳೆ ಹೊಡೆದ ಹಾಗೆ ಅಲ್ಲೇ ಕೂತಿತ್ತು.

"ತಗೊಳ್ಳೇ ದೂಲಿ, ಬೆರಳು ಸುಡ್ತಿದೆ."

"ಅಲ್ಲಿಡಕ್ಕ."

"ಅಲ್ಲಿಡು ಇಲ್ಲಿಡು ಅನ್ನೋಕೆ ಇದೇನು ಹೋಟ್ಲಾ? ನಾನೇನು ನಿನ್ನ ಆಳಾ?" ಕೂಕಾ ಲೋಟವನ್ನು ವಾಪಸು ಒಯ್ದು ಪಾತ್ರೆಗೆ ಸುರಿದಳು. "ಬೇಡ ಅಂದ್ರೆ ಬೇಡ ಅನ್ನು. ಗೊಂಬೆ ಥರ ಕೂತ್ಕೋಬೇಡ."

ತಾನು ಬೇಡ ಅಂದೇ ಇಲ್ಲವಲ್ಲ ಎಂದು ಒಬ್ದೂಲಿಯಾಗೆ ಹೇಳಬೇಕೆನಿಸಿತು. ಏನಂತ ಹೇಳುವುದು? ಕೈ ಕೇಳಲಿಲ್ಲ ಅಂತಲೇ? ಅವಳು ಎದ್ದು ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಶಾಲೆಯ ಹುಡುಗಿಯರ ಹದಿನಾಲ್ಕು ಲಂಗ ಶನಿವಾರದೊಳಗೆ ಮುಗಿಯಬೇಕಿತ್ತು. ಸೂಜಿಗೆ ದಾರ ಪೋಣಿಸುವಾಗ ಅದೇ ಕೈ ಚಕಚಕನೆ ಓಡಿತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

ಮೊರೇಲಿಯಾ ಊರಿನ ಆ ಓಣಿಯ ಮನೆಯಲ್ಲಿ ಇರುವವರು ಇಬ್ಬರೇ. ಕೂಕಾಗೆ ಐವತ್ತೊಂದು, ಗಂಡ ಹೋಗಿ ಒಂಬತ್ತು ವರ್ಷ. ಬಾಗಿಲ ಬಳಿ ಒಲೆ ಹೂಡಿ ಕೊರುಂದ ಮಾರುತ್ತಾಳೆ. ಜೋಳದ ಗರಿಯಲ್ಲಿ ಮೂರು ಮೂಲೆ ಬರುವಂತೆ ಸುತ್ತಿ ಬೇಯಿಸಿದ ಕಡುಬು, ಮೇಲೆ ಕೆನೆ, ಮೆಣಸಿನಕಾಯಿಯ ಗೊಜ್ಜು. ಒಬ್ದೂಲಿಯಾಗೆ ನಲವತ್ತಮೂರು, ಮದುವೆಯ ಗೋಜಿಗೇ ಹೋದವಳಲ್ಲ. ಕೂಕಾಳ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಎಡಗೈಯಲ್ಲಿ ಡಾಕ್ಟರು ರಕ್ತನಾಳಗಳನ್ನು ಒಂದಕ್ಕೊಂದು ಹೆಣೆದಿದ್ದ ಜಾಗ ಹಗ್ಗದ ಗಂಟಿನ ಹಾಗೆ ಉಬ್ಬಿಕೊಂಡಿತ್ತು. ತಮ್ಮನಿಗೆ ಸಕ್ಕರೆ ಕಾಯಿಲೆ, ಅವನ ಕಿಡ್ನಿ ನಡೆಯದು. ಹೊಂದಿದ್ದು ಒಬ್ದೂಲಿಯಾಳದ್ದು ಮಾತ್ರ.

ಆದರೆ ಅವಳು ಎಂಬತ್ಮೂರು ಕಿಲೋ ಇದ್ದಳು.

"ಎಪ್ಪತ್ತಾರಕ್ಕೆ ಇಳೀರಿ, ಆಮೇಲೆ ಮಾತಾಡೋಣ," ಅಂದಿದ್ದರು ಆಸ್ಪತ್ರೆಯ ದೊಡ್ಡ ಡಾಕ್ಟರು ಮಾರ್ಚ್ ತಿಂಗಳಲ್ಲಿ. "ಈ ಮೈಯಲ್ಲಿ ಕತ್ತಿ ಆಡಿಸಿದ್ರೆ ನಿಮ್ಮನ್ನೂ ಕಳ್ಕೋತೀವಿ. ಜೂನ್ ಇಪ್ಪತ್ತೆಂಟಕ್ಕೆ ಸಮಿತಿ ಕೂರುತ್ತೆ. ಅವತ್ತು ತಕ್ಕಡಿ ಏನು ಹೇಳುತ್ತೋ ಅದೇ."

ಆ ಎಂಬತ್ಮೂರು ಎಲ್ಲಿಂದ ಬಂತೆಂದು ಇಡೀ ಓಣಿಗೇ ಗೊತ್ತು. ಒಬ್ದೂಲಿಯಾ ತಾನಾಗಿ ಪಾತ್ರೆಯ ಮುಚ್ಚಳ ತೆಗೆದವಳಲ್ಲ. ಕೂಕಾಗೆ ನೀರು ಅಳೆದು ಕುಡಿಯಬೇಕು, ಉಪ್ಪು ಬಿಡಬೇಕು, ಬಾಳೆಹಣ್ಣು ಮುಟ್ಟಬಾರದು. ತಾನು ಮಾಡಿದ್ದನ್ನು ತಾನೇ ಉಣ್ಣಲಾಗದವಳು ತಂಗಿಯ ಬಾಯಲ್ಲಿ ಉಣ್ಣುತ್ತಿದ್ದಳು. "ನನ್ನ ಪಾಲಿಂದೂ ನೀನೇ ತಿನ್ನು," ಎನ್ನುತ್ತ ತಟ್ಟೆ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು. ಎರಡಾದ ಮೇಲೆ ಮೂರನೆಯದು, ಮೂರಾದ ಮೇಲೆ "ಇದು ಮುರಿದಿದೆ, ಮಾರೋಕಾಗಲ್ಲ" ಅಂತ ನಾಲ್ಕನೆಯದು. ಕಾಯಿಲೆಯವಳು ಕೈಯಾರೆ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ?

ಆಸ್ಪತ್ರೆಯ ಆಹಾರ ತಜ್ಞೆಯೇ ವಿಶ್ವವಿದ್ಯಾಲಯದ ವಿಳಾಸ ಕೊಟ್ಟಿದ್ದಳು. ಅಲ್ಲಿ ಯುನುಯೆನ್ ಎಂಬ ಹುಡುಗಿ ಒಂದು ಅಧ್ಯಯನ ನಡೆಸುತ್ತಿದ್ದಳು. ಮಾತ್ರೆಯಿಲ್ಲ, ಪಥ್ಯದ ಪಟ್ಟಿಯಿಲ್ಲ, ಒಂದು ಲ್ಯಾಪ್‌ಟಾಪ್ ಅಷ್ಟೇ. ದಿನಕ್ಕೆ ಹತ್ತು ನಿಮಿಷ ಚಿತ್ರಗಳು ಮಿಂಚಿ ಮಾಯವಾಗುತ್ತವೆ. ಹಸಿರು ಚೌಕಟ್ಟಿದ್ದರೆ ತಕ್ಷಣ ಗುಂಡಿ ಒತ್ತಬೇಕು, ಕೆಂಪು ಚೌಕಟ್ಟಿದ್ದರೆ ಕೈ ತಡೆಯಬೇಕು. ಹಸಿರಿನಲ್ಲಿ ಪರಂಗಿ, ಸೌತೆ, ಪಾಪಾಸುಕಳ್ಳಿಯ ಎಲೆ. ಕೆಂಪಿನಲ್ಲಿ ಮೈ ಬೆಳೆಸುವ ತಿಂಡಿಗಳು.

"ಮನಸ್ಸಿಗೆ ಬುದ್ಧಿ ಹೇಳೋದಲ್ಲ ಇದು, ಕೈಗೆ ಕಲಿಸೋದು," ಅಂದಿದ್ದಳು ಯುನುಯೆನ್. "ನಿಮ್ಮ ಕೈ ನಿಮಗಿಂತ ಬೇಗ ಹೋಗುತ್ತಲ್ಲ, ಅದನ್ನ ಅರೆಕ್ಷಣ ಹಿಂದಕ್ಕೆ ಹಿಡಿಯೋದು."

ಮೊದಲ ಎರಡು ವಾರ ಒಂದು ಗ್ರಾಮೂ ಇಳಿಯಲಿಲ್ಲ. ಕೆಂಪಿನಲ್ಲಿ ಬರುತ್ತಿದ್ದ ಪರದೇಶದ ಬರ್ಗರು, ಬಣ್ಣದ ಸಕ್ಕರೆ ಬಳಿದ ಬಳೆಯಂಥ ಬನ್ನು ಒಬ್ದೂಲಿಯಾಳ ಬಾಯಿಗೆ ಎಂದೂ ಬಿದ್ದದ್ದಲ್ಲ. "ಇದನ್ನ ತಡೆಯೋಕೆ ನಂಗೆ ಯಂತ್ರ ಯಾಕೆ ಮೇಡಂ? ಕೊಟ್ರೂ ತಿನ್ನಲ್ಲ," ಅಂದಳು. ಯುನುಯೆನ್ ನಕ್ಕು, "ಹಾಗಾದ್ರೆ ನೀವು ನಿಜವಾಗಿ ತಿನ್ನೋದರ ಫೋಟೋ ತನ್ನಿ, ಇಪ್ಪತ್ತು ಸಾಕು," ಎಂದಳು.

ಆ ಭಾನುವಾರ ಒಬ್ದೂಲಿಯಾ ಮೇಜಿನ ಮೇಲೆ ಕೊರುಂದದ ತಟ್ಟೆಯಿಟ್ಟು ಫೋನು ಎತ್ತಿದಾಗ ಕೂಕಾ ಚೀರಿದ್ದಳು. "ಏಯ್! ಒಂಟಿ ತಟ್ಟೆ ಫೋಟೋ ತೆಗೀತೀಯಾ? ನಾನಿನ್ನೂ ಬದುಕಿದೀನಿ ಕಣೇ!"

ಅವರ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದು ಬಂದದ್ದು ಅದು. ಯಾರೂ ಹಿಡಿಯದ, ಯಾರೂ ಎದುರಿಗೆ ಕೂರದ ತಟ್ಟೆ ಸತ್ತವರದ್ದು. ನವೆಂಬರಿನಲ್ಲಿ ಚೆಂಡುಹೂವಿನ ನಡುವೆ, ಹೋದವರ ಪಟದ ಮುಂದೆ ಇಡುವ ತಟ್ಟೆಯಷ್ಟೇ ಒಂಟಿಯಾಗಿರುತ್ತದೆ. ಡಯಾಲಿಸಿಸ್ಸಿನಲ್ಲಿರುವವಳ ಅಡುಗೆಯನ್ನು ಹಾಗೆ ಚಿತ್ರಕ್ಕಿಳಿಸುವುದೆಂದರೆ ಒಬ್ದೂಲಿಯಾಳಿಗೂ ಮೈ ಜುಮ್ಮೆಂದಿತು. ಹಾಗಾಗಿ ಅವತ್ತೂ ಮುಂದಿನ ದಿನಗಳಲ್ಲೂ ಕೂಕಾ ತಟ್ಟೆ ಹಿಡಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಚಿತ್ರದಲ್ಲಿ ಅವಳ ಎರಡು ಕೈ, ಎಡಗೈಯ ಆ ಉಬ್ಬು. ಯುನುಯೆನ್ ಅವನ್ನು ನೋಡಿ, "ನಮ್ಮಜ್ಜಿನೂ ಹೀಗೇ, ತಟ್ಟೆ ಬಿಟ್ಟು ಕೊಡ್ತಿರ್ಲಿಲ್ಲ," ಎಂದು ಸಂತೋಷದಿಂದಲೇ ಯಂತ್ರಕ್ಕೆ ಹಾಕಿಕೊಟ್ಟಿದ್ದಳು. ಅವಳೂ ಇವರ ಹಾಗೆ ಪಾತ್ಸ್ಕ್ವಾರೋ ಕೆರೆಯ ಕಡೆಯವಳೇ, ಅವಳಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅಲ್ಲಿಂದ ಮುಂದೆ ತೂಕ ಇಳಿಯತೊಡಗಿತು. ಎಂಬತ್ತೊಂದು, ಎಪ್ಪತ್ತೊಂಬತ್ತು, ಎಪ್ಪತ್ತೇಳೂಕಾಲು. ಲಂಗದ ಸೊಂಟಕ್ಕೆ ಎರಡು ಸಲ ಹೊಲಿಗೆ ಹಾಕಿದ್ದಾಯಿತು. ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಇಷ್ಟಾಗುವ ಹೊತ್ತಿಗೆ ಜೂನ್ ಹದಿನಾರು. ಇನ್ನು ಹನ್ನೆರಡು ದಿನ, ಒಂದೂಕಾಲು ಕಿಲೋ.

ಲೋಟದ ಮಾತು ಅಲ್ಲಿಗೇ ಮುಗಿದಿದ್ದರೆ ಒಬ್ದೂಲಿಯಾ ಬಾಯಿ ಬಿಡುತ್ತಿರಲಿಲ್ಲ. ಆದರೆ ಮರುದಿನ ಡಯಾಲಿಸಿಸ್ ಮುಗಿಸಿ ವ್ಯಾನಿನಲ್ಲಿ ಬರುವಾಗ ಓಣಿಯ ತುದಿಯಲ್ಲಿ ಅವಳು ಮೊದಲು ಇಳಿದು ತಿರುಗಿ ನಿಂತಳು. ಕೂಕಾಳ ಮುಖ ಬಿಳಿಚಿತ್ತು. ಆ ಯಂತ್ರ ಮೈಯ ನೀರನ್ನೆಲ್ಲ ಹಿಂಡಿ ಕಳಿಸಿದ ದಿನ ಅವಳ ಕಾಲು ಯಾವತ್ತೂ ಹತ್ತಿಯಾಗಿರುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಮುಂದೆ ಚಾಚಿದಳು, ಹಿಡಿದುಕೋ ಅಂತ.

ಒಬ್ದೂಲಿಯಾ ಹಿಡಿಯಲಿಲ್ಲ.

ಅರೆಕ್ಷಣ ಅಷ್ಟೇ. ಆದರೆ ಹಿಡಿಯುತ್ತಾಳೆಂದು ನಂಬಿ ಮೈಭಾರ ಬಿಟ್ಟವಳಿಗೆ ಅರೆಕ್ಷಣವೇ ಹೆಚ್ಚು. ಕೂಕಾ ಮುಗ್ಗರಿಸಿ ಮೊಣಕಾಲೂರಿ ಕಲ್ಲಿನ ಮೇಲೆ ಬಿದ್ದಳು. ಎಡಗೈಯ ಪಟ್ಟಿ ಕಳಚಿ ಕೆಂಪು ಚಿಲ್ಲೆಂದು ಚಿಮ್ಮಿತು. ಒಬ್ದೂಲಿಯಾ ತನ್ನ ಶಾಲನ್ನೇ ಮುದ್ದೆ ಮಾಡಿ ಒತ್ತಿ ಹಿಡಿದು, "ಅಯ್ಯೋ ಅಕ್ಕಾ, ಅಯ್ಯೋ ಅಕ್ಕಾ," ಅನ್ನುವುದೊಂದೇ ಮಾಡಿದಳು. ಡ್ರೈವರನೂ ಇಳಿದು ಬಂದ. ಕಾಲು ಗಂಟೆ ಒತ್ತಿದ ಮೇಲೆ ರಕ್ತ ನಿಂತಿತು.

ಮನೆಗೆ ಬಂದ ಮೇಲೆ ಕೂಕಾ ಗೋಡೆ ಕಡೆ ಮುಖ ಮಾಡಿ ಮಲಗಿದಳು.

"ನನ್ನ ಕೈ ಕಂಡ್ರೆ ನಿಂಗೆ ಹೇಸಿಗೆ. ಅಲ್ವಾ?"

"ಏನಕ್ಕ ಮಾತು ಇದು!"

"ಒಂದು ತಿಂಗಳಿಂದ ನೋಡ್ತಿದೀನಿ. ತಟ್ಟೆ ಕೊಟ್ರೆ ತಗೊಳ್ಳಲ್ಲ, ಉಪ್ಪು ಕೊಟ್ರೆ ತಗೊಳ್ಳಲ್ಲ. ಮೊನ್ನೆ ಕತ್ತರಿ ಕೊಟ್ರೆ ಪಿಳಿಪಿಳಿ ನೋಡ್ದೆ. ಈ ಗಂಟುಗಂಟು ಕೈ ನೋಡೋಕಾಗಲ್ಲ ನಿಂಗೆ. ಕಿಡ್ನಿ ಕೊಡೋಕೆ ಹೊರಟೋಳು ಕೈ ಹಿಡಿಯೋಕಾಗಲ್ಲ ಅಂದ್ರೆ, ನಂಗೆ ಬೇಡ ಹೋಗೇ ನಿನ್ನ ಕಿಡ್ನಿ."

ಕತ್ತರಿಯದು ಒಬ್ದೂಲಿಯಾಗೆ ನೆನಪೇ ಇರಲಿಲ್ಲ. ಈಗ ನೆನಪಾಯಿತು. ಹೌದು, ಕತ್ತರಿ. ಅದನ್ನು ತಿನ್ನುವವರುಂಟೇ?

ಮಾರನೆಯ ದಿನವೇ ಲ್ಯಾಪ್‌ಟಾಪ್ ಕಂಕುಳಲ್ಲಿ ಅವಚಿಕೊಂಡು ವಿಶ್ವವಿದ್ಯಾಲಯಕ್ಕೆ ಹೋದಳು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಯುನುಯೆನ್ ಇಪ್ಪತ್ತು ಚಿತ್ರಗಳನ್ನು ಪರದೆಯ ಮೇಲೆ ಸಾಲಾಗಿ ಹರಡಿ ನೋಡುತ್ತ ಕೂತಳು. ಅವಳ ಕಿವಿ ನಿಧಾನವಾಗಿ ಕೆಂಪೇರಿತು.

"ಒಬ್ದೂಲಿಯಾ ಅವರೇ, ಒಂದು ಪರೀಕ್ಷೆ ಮಾಡೋಣ. ಏನೂ ಯೋಚಿಸ್ಬೇಡಿ. ಈಗ ಚೌಕಟ್ಟು ಇರಲ್ಲ. ಕೈ ಹೋದ್ರೆ ಒತ್ತಿ."

ಚಿತ್ರಗಳು ಮಿಂಚಿದವು. ಪರಂಗಿ: ಒತ್ತಿದಳು. ಬೇರೆ ಯಾರದೋ ಅಡುಗೆಮನೆಯ, ಕೈಯಿಲ್ಲದ ಕೊರುಂದ: ಕೆನೆ ಸುರಿಯುತ್ತಿತ್ತು, ಬೆರಳು ಹಾರಿ ಹೋಗಿ ಒತ್ತಿತು. ಊರಿನ ಬೇಕರಿಯ ಸಿಹಿ ಬನ್ನು: ಒತ್ತಿದಳು. ಆಮೇಲೆ ಕೂಕಾ ಹಿಡಿದ ತಟ್ಟೆ. ಮೊದಲ ಸಲ ಫೋನು ತಪ್ಪಿ ಒತ್ತಿಹೋಗಿದ್ದ ಚಿತ್ರ, ತಟ್ಟೆಯಲ್ಲಿ ಏನೂ ಇರಲಿಲ್ಲ. ಬೆರಳು ಗಕ್ಕನೆ ನಿಂತಿತು.

ಇಬ್ಬರೂ ಆ ಬೆರಳನ್ನೇ ನೋಡಿದರು.

"ತಿಂಡಿ ಅಲ್ಲ ಇದು ಕಲಿತಿರೋದು," ಅಂದಳು ಯುನುಯೆನ್, ತನಗೇ ಎಂಬಂತೆ. "ತಿಂಡಿ ಬಗ್ಗೆ ನಿಮ್ಮ ಕೈ ಏನೂ ಕಲಿತಿಲ್ಲ. ಕೆಂಪಿನಲ್ಲೆಲ್ಲ ನಿಮ್ಮಕ್ಕನ ಕೈ ಇತ್ತು. ಹಸಿರಲ್ಲಿ ಒಂದರಲ್ಲೂ ಇರ್ಲಿಲ್ಲ. ಬೇರೆ ಎಲ್ಲೋ ಹುಟ್ಟಿ ಬೆಳೆದೋರಾಗಿದ್ರೆ ಒಂದೇ ನೋಟಕ್ಕೆ ಕೇಳೋರು, ಯಾರ ಕೈ ಇದು, ತೆಗೀರಿ ಅಂತ. ನಂಗೆ ಅದು ಕಾಣ್ಲೇ ಇಲ್ಲ. ತಪ್ಪು ನಂದು."

"ಹಾಗಾದ್ರೆ ತೂಕ ಇಳಿದಿದ್ದು?"

"ನಿಮಗೆ ಬಡಿಸೋರು ಯಾರು?"

"ಅಕ್ಕ," ಅಂದಳು ಒಬ್ದೂಲಿಯಾ, ಪರದೆಯ ಮೇಲಿನ ಕೈಗಳನ್ನು ನೋಡುತ್ತ.

ಇವತ್ತೇ ನಿಲ್ಲಿಸಬೇಕು ಎಂದಳು ಯುನುಯೆನ್. ಮೇಲಿನವರಿಗೆ ಬರೆಯಬೇಕು, ಒಬ್ದೂಲಿಯಾಳನ್ನು ಅಧ್ಯಯನದಿಂದ ಕೈಬಿಡುತ್ತಾರೆ. ಇದೇ ಕೈಗಳನ್ನು ಹಸಿರಿನಲ್ಲಿಟ್ಟು ಮೂರು ವಾರ ಆಡಿದರೆ ಕಲಿತದ್ದು ಮರೆಯುತ್ತದೆ, ಬಹುಶಃ.

"ಮೂರು ವಾರ ನಂಗೆಲ್ಲಿದೆ ಮೇಡಂ? ಹತ್ತು ದಿನ ಇರೋದು. ಇವತ್ತು ನಿಲ್ಲಿಸಿದ್ರೆ ನಾಳೆ ಅವಳು ತಟ್ಟೆ ಹಿಡೀತಾಳೆ, ನಾನು ತಿಂತೀನಿ. ನನ್ನ ನಂಗೆ ಗೊತ್ತಿಲ್ವಾ? ಒಂದು ವಾರದಲ್ಲಿ ಎರಡು ಕಿಲೋ ಏರ್ತೀನಿ. ಸಮಿತಿ ಮತ್ತೆ ಕೂರೋದು ಬರೋ ವರ್ಷ. ಅಷ್ಟರಲ್ಲಿ ಅವಳು..." ಒಬ್ದೂಲಿಯಾ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು. "ಈ ಡಬ್ಬಿ ಹತ್ತು ದಿನ ನನ್ನ ಹತ್ರ ಬಿಡಿ. ಕೈಮುಗೀತೀನಿ."

"ನಿನ್ನೆ ಅವರು ಬಿದ್ದಿದ್ದಾರೆ ಅಂತ ನೀವೇ ಹೇಳಿದ್ರಿ."

"ಹೇಳ್ದೆ."

ಯುನುಯೆನ್ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಕೊನೆಗೆ, "ಅವರಿಗೆ ಹೇಳಿ. ಕೈ ಅವರದ್ದು. ಅವರು ಒಪ್ಪಿದ್ರೆ ನನಗೆ ಫೋನ್ ಮಾಡ್ಲಿ, ಅವರ ಬಾಯಿಂದಾನೇ ಕೇಳ್ತೀನಿ. ಒಪ್ಪಲಿಲ್ಲ ಅಂದ್ರೆ ಸಂಜೆಗೆ ಡಬ್ಬಿ ವಾಪಸ್ ಬರಬೇಕು," ಎಂದಳು.

ಹೇಳುವುದು ಸುಲಭವಾಗಿರಲಿಲ್ಲ. ಕೂಕಾ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಗರಿ ಸುತ್ತುತ್ತ ಕೂತಿದ್ದಳು. ಒಬ್ದೂಲಿಯಾ ಎರಡು ಸಲ ಮೊದಲಿನಿಂದ ಶುರು ಮಾಡಿ, ಮೂರನೆಯ ಸಲ ಮುಗಿಸಿದಳು. ಕೂಕಾ ಗರಿ ಸುತ್ತುವುದನ್ನು ನಿಲ್ಲಿಸಲೇ ಇಲ್ಲ.

"ಅಂದ್ರೆ ಹೇಸಿಗೆ ಅಲ್ಲ."

"ಅಲ್ಲಕ್ಕ. ನಿನ್ನಾಣೆ."

"ಒಂದು ಡಬ್ಬಿ ನನ್ನ ಕೈ ವಿಷ ಅಂತ ನಿಂಗೆ ಪಾಠ ಹೇಳಿದೆ. ನೀನೂ ಕೂತ್ಕೊಂಡು ಕಲ್ತಿದೀಯ. ಶಾಲೇಲಿ ಮೂರನೇ ಮಗ್ಗಿ ಕಲಿಯೋಕೆ ಎರಡು ವರ್ಷ ತಗೊಂಡೋಳು!" ಕೂಕಾ ಗರಿಯನ್ನು ಬುಟ್ಟಿಗೆ ಎಸೆದಳು. "ತೋರ್ಸು. ನಾನೂ ನೋಡ್ಬೇಕು."

ಇಬ್ಬರೂ ಅಕ್ಕಪಕ್ಕ ಕೂತರು. ಪರದೆ ಬೆಳಗಿತು. ಸೌತೆ, ಹಸಿರು. ಕಳ್ಳಿಯೆಲೆ, ಹಸಿರು. ಆಮೇಲೆ ಕೂಕಾಳ ಕೈ, ಸುತ್ತ ಕೆಂಪು.

"ಅದು ತಮ್ಮನ ಹುಟ್ಟುಹಬ್ಬದ ದಿನ ಮಾಡಿದ್ದು," ಅಂದಳು ಕೂಕಾ.

ಒಬ್ದೂಲಿಯಾಳ ಬೆರಳು ತಪ್ಪಿ ಒತ್ತಿತು. ಯಂತ್ರ ಗುರ್ರೆಂದಿತು. ಪರಂಗಿ, ಹಸಿರು. ಮತ್ತೆ ಕೈ, ಕೆಂಪು. ಎಳೆ ಜೋಳದ ಸಿಹಿ ಕಡುಬು. "ಅದಕ್ಕೆ ಹಾಲು ಜಾಸ್ತಿ ಆಗಿತ್ತು, ಆದ್ರೂ ನೀನು ಆರು ತಿಂದೆ." ಮತ್ತೆ ತಪ್ಪಿತು, ಮತ್ತೆ ಗುರ್ರೆಂದಿತು. ತನ್ನ ಮಾತೇ ತಂಗಿಯ ಬೆರಳು ತಪ್ಪಿಸುತ್ತಿದೆಯೆಂದು ಕೂಕಾಗೆ ಅರ್ಥವಾಯಿತು. ಬಾಯಿ ಮುಚ್ಚಿದಳು. ತನ್ನ ಕೈಗಳು ಒಂದಾದ ಮೇಲೊಂದು ಕೆಂಪಿನೊಳಗೆ ಬಂದು ಹೋಗುವುದನ್ನು ರೆಪ್ಪೆ ಬಡಿಯದೆ ನೋಡಿದಳು. ತಂಗಿಯ ಬೆರಳು ಪ್ರತಿ ಸಲ ನಿಲ್ಲುವುದನ್ನೂ ನೋಡಿದಳು. ಹತ್ತು ನಿಮಿಷ ಮುಗಿಯುವ ಹೊತ್ತಿಗೆ ಅವಳ ತುಟಿ ತೆಳ್ಳಗಾಗಿತ್ತು.

"ಫೋನ್ ಹಚ್ಚು ಆ ಹುಡುಗಿಗೆ," ಎಂದಳು. ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಗಳೇ, ಡಬ್ಬಿ ಇಲ್ಲೇ ಇರುತ್ತೆ. ಬಿದ್ದಿದ್ದು ನಾನು, ಮೊಣಕಾಲು ನಂದು. ವ್ಯಾನ್ ಇಳಿಯೋಕೆ ಕೋಲು ತಗೋತೀನಿ." ಫೋನು ಇಟ್ಟು ತಂಗಿಯ ಕಡೆ ತಿರುಗಿದಳು. "ಇನ್ನು ಹತ್ತು ದಿನ ಮೂರು ಹೊತ್ತೂ ನಾನೇ ಬಡಿಸ್ತೀನಿ. ನೀನಾಗಿ ಪಾತ್ರೆ ಮುಟ್ಟಿದ್ರೆ ಕೈ ಮುರೀತೀನಿ. ನನ್ನ ಕೈಯಿಂದ ಮಾತ್ರ. ಗೊತ್ತಾಯ್ತಾ?"

ಗೊತ್ತಾಗಲು ಒಬ್ದೂಲಿಯಾಗೆ ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದಾಗ ಅಳು ಬಂತು.

ಅಂದಿನಿಂದ ಕೂಕಾ ಹೊತ್ತುಹೊತ್ತಿಗೂ ತಟ್ಟೆ ತುಂಬಿ ಎದುರಿಗೆ ಹಿಡಿದು ನಿಂತಳು, ತಂಗಿ ತೆಗೆದುಕೊಳ್ಳಬಾರದೆಂದೇ. ಐವತ್ತು ಎಣಿಸುವವರೆಗೂ ನಿಲ್ಲುವಳು, ಆಮೇಲೆ ತಟ್ಟೆ ಒಯ್ದುಬಿಡುವಳು. ಸೌತೆಕಾಯಿ, ಹುರುಳಿ, ಒಂದೇ ಒಂದು ಜೋಳದ ರೊಟ್ಟಿ ಮೇಜಿನ ಮೇಲೆ ಮೊದಲೇ ಇಟ್ಟಿರುತ್ತಿದ್ದಳು, ಅದಕ್ಕೆ ತನ್ನ ಕೈ ಸೋಕುವುದನ್ನು ಒಬ್ದೂಲಿಯಾ ನೋಡದ ಹಾಗೆ. ಹಸಿವಿನಿಂದ ಹೊಲಿಗೆಯ ಗೆರೆ ಎರಡೆರಡಾಗಿ ಕಾಣುತ್ತಿತ್ತು. ಬೆಳಿಗ್ಗೆ ತಕ್ಕಡಿ ಹತ್ತುವಾಗ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು. ಎಪ್ಪತ್ತಾರು ಮುಕ್ಕಾಲು. ಎಪ್ಪತ್ತಾರೂವರೆ. ಎರಡು ದಿನ ಅಲ್ಲೇ ನಿಂತಿತು. ಎಪ್ಪತ್ತಾರೂಕಾಲು.

ಇಪ್ಪತ್ತಾರನೆಯ ತಾರೀಖಿನ ಸಂಜೆ ಕೂಕಾ ಕೊರುಂದದ ತಟ್ಟೆ ಹಿಡಿದು ಬಂದಳು. ಡಯಾಲಿಸಿಸ್ ಮುಗಿಸಿ ಬಂದ ದಿನ ಅದು. ತಟ್ಟೆ ಸಣ್ಣಗೆ ನಡುಗುತ್ತಿತ್ತು, ಕೆನೆ ಅಂಚಿಗೆ ಜಾರುತ್ತಿತ್ತು. ಒಬ್ದೂಲಿಯಾ ತಟ್ಟೆ ನೋಡಲಿಲ್ಲ, ಆ ನಡುಕ ನೋಡಿದಳು. ಬೀಳಿಸಿಬಿಡುತ್ತಾಳಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳ ಎರಡೂ ಕೈ ತಾವಾಗಿ ಮೇಲೆದ್ದು, ಅಕ್ಕನ ಕೈಗಳನ್ನು ತಟ್ಟೆ ಸಮೇತ ಹಿಡಿದುಕೊಂಡಿದ್ದವು.

ಬೆಚ್ಚಗಿದ್ದವು. ಎಡಗೈಯ ಗಂಟಿನೊಳಗೆ ರಕ್ತ ಜೇನುಹುಳದ ಹಾಗೆ ಗುಂಯ್ಗುಡುತ್ತಿತ್ತು. ಎಷ್ಟು ದಿನವಾಗಿತ್ತು ಅದನ್ನು ಮುಟ್ಟಿ!

"ಬಿಡೇ!" ಕೂಕಾ ಕಿರುಚಿದಳು. "ಬಿಡು, ಬಿಡು! ಇನ್ನೂ ಎರಡು ದಿನ ಇದೆ ಕಣೇ ಹಾಳಾದೋಳೇ!" ತಟ್ಟೆ ಕಿತ್ತುಕೊಂಡು ಅಡುಗೆಮನೆಗೆ ಓಡಿದಳು, ಮೊಣಕಾಲು ನೋವೆಂಬುದೂ ಮರೆತು. ಒಳಗೆ ತಟ್ಟೆ ಕುಕ್ಕಿದ ಸದ್ದು ಕೇಳಿತು.  ಆ ರಾತ್ರಿ ಒಬ್ದೂಲಿಯಾ ಹತ್ತು ನಿಮಿಷಕ್ಕೆ ಬದಲು ನಲವತ್ತು ನಿಮಿಷ ಲ್ಯಾಪ್‌ಟಾಪ್ ಮುಂದೆ ಕೂತಳು. ಕೆಂಪು ಬಂದಾಗಲೆಲ್ಲ ಹಲ್ಲು ಕಚ್ಚಿ ಕೈ ತಡೆದಳು. ಒಂಬತ್ತು ಸಲ ತಪ್ಪಿತು.

ಇಪ್ಪತ್ತೆಂಟರಂದು ಆಸ್ಪತ್ರೆಯಲ್ಲಿ ಅವಳು ಚಪ್ಪಲಿ ಬಿಚ್ಚಿದಳು, ಕೂದಲಿನ ಪಿನ್ನು ತೆಗೆದಳು, ಕೊರಳಿನ ಪದಕ ಬಿಚ್ಚಿದಳು. ನರ್ಸು, "ಸಾಕಮ್ಮ, ಇನ್ನು ಹಲ್ಲು ಕೀಳ್ಬೇಡಿ," ಎಂದು ನಕ್ಕಳು. ತಕ್ಕಡಿಯ ಅಂಕಿ ಹಿಂದೆ ಮುಂದೆ ಹೊಯ್ದಾಡಿ ನಿಂತಿತು. ಎಪ್ಪತ್ತೈದು, ಒಂಬೈನೂರು ಗ್ರಾಂ.

ಕೂಕಾ ಕುರ್ಚಿಯಲ್ಲಿ ಕೂತವಳು ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡಳು.

ಡಾಕ್ಟರು ಕಾಗದಕ್ಕೆ ಸಹಿ ಹಾಕಿದರು. "ಸಮಿತಿಗೆ ಕಳಿಸ್ತೀನಿ. ಆಪರೇಷನ್ ಸೆಪ್ಟೆಂಬರ್‌ನಲ್ಲಿ ಸಿಗಬಹುದು. ಅಲ್ಲಿವರೆಗೆ ಇದು ಏರಬಾರದು. ಅವತ್ತು ಬೆಳಿಗ್ಗೆ ಮತ್ತೆ ತೂಗ್ತೀವಿ. ಎಪ್ಪತ್ತಾರು ದಾಟಿದ್ರೆ ಮೇಜಿನಿಂದಾನೇ ಇಳಿಸಿ ಕಳಿಸ್ತೀನಿ."

"ಸೆಪ್ಟೆಂಬರಾ?" ಅಂದಳು ಒಬ್ದೂಲಿಯಾ.

"ಎರಡೇ ತಿಂಗಳಲ್ವೇನಮ್ಮ. ಇಷ್ಟು ಮಾಡಿದೋರಿಗೆ ಅದೇನು ಮಹಾ?"

ಲ್ಯಾಪ್‌ಟಾಪನ್ನು ಅಂದೇ ಮಧ್ಯಾಹ್ನ ಹಿಂತಿರುಗಿಸಬೇಕಿತ್ತು. ಹೊರಗೆ ಬಿಸಿಲು ಸುಡುತ್ತಿತ್ತು. ಆಸ್ಪತ್ರೆಯ ಗೇಟಿನ ಬಳಿ ಹೆಂಗಸೊಬ್ಬಳು ಕೆಂಡದ ಮೇಲೆ ಜೋಳದ ತೆನೆ ಸುಡುತ್ತಿದ್ದಳು. ಕೂಕಾ ಕೋಲೂರಿಕೊಂಡು ಮುಂದೆ ನಡೆಯುತ್ತಿದ್ದಳು. ಆ ಬಿಸಿಲಿನಲ್ಲೂ ಮೈತುಂಬ ಶಾಲು ಹೊದ್ದು, ಎಡಗೈ ಒಳಗೆ ಸೇರಿಸಿದ್ದಳು. ಕೋಲು ಹಿಡಿದ ಬಲಗೈಯ ಮೇಲೂ ಶಾಲಿನ ಸೆರಗು ಎಳೆದುಕೊಂಡಿದ್ದಳು.

"ಅಕ್ಕ, ಸೆಕೆ. ಕೈ ಹೊರಗೆ ತೆಗಿ."

"ಸುಮ್ನೆ ಬಾ."

"ಯಾರೂ ಏನೂ ಕೊಡ್ತಿಲ್ಲ, ಯಾರೂ ಏನೂ ತಿಂತಿಲ್ಲ. ಬರೀ ಕೈ ತಾನೆ. ತೆಗಿ, ಹಿಡ್ಕೊಂಡು ರಸ್ತೆ ದಾಟಿಸ್ತೀನಿ."

ಕೂಕಾ ತಿರುಗಿ ನೋಡಿದಳು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

"ಹಿಡಿದ್ರೆ ನಿನ್ನ ಕೈ ಕಲ್ತಿದ್ದು ಮರೆಯುತ್ತೆ. ಸೆಪ್ಟೆಂಬರ್ ಆಗ್ಲಿ," ಎಂದಳು. ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು, ಎರಡೂ ಕಡೆ ನೋಡಿ, ಒಬ್ಬಳೇ ರಸ್ತೆಗಿಳಿದಳು.